ದಿನವೂ ಆಟವಾಡಿಸುವ ಶಾಲೆಗಳು ಯಾವುವು?

ಪ್ರಾಥಮಿಕ ಶಾಲೆಯ ಮಕ್ಕಳಿಗೆಂದು ದೈಹಿಕ ಚಟುವಟಿಕೆಯ ಕಾರ್ಯಕ್ರಮವೊಂದು ಬಂದಾಗಲೆಲ್ಲ ಅದನ್ನು ಮೊದಲು ಕೈಗೆತ್ತಿಕೊಳ್ಳುವುದು ಮೈದಾನವಿರುವ, ದೈಹಿಕ ಶಿಕ್ಷಣ ಶಿಕ್ಷಕರಿರುವ, ಆಟದ ವಾತಾವರಣ ಮೊದಲಿನಿಂದಲೂ ಇರುವ ಶಾಲೆಗಳೇ ಎಂಬುದನ್ನು ನಾನು ಗಮನಿಸುತ್ತಾ ಬಂದಿದ್ದೇನೆ. ಎರಡು ಕೊಠಡಿ, ಇಬ್ಬರು ಶಿಕ್ಷಕರಿರುವ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಾಗಲಿ, ನೆಲಮಹಡಿಯನ್ನು ವಾಹನಗಳಿಗೆ ಬಿಟ್ಟು ಮೇಲಿನ ಅಂತಸ್ತುಗಳಲ್ಲಿ ತರಗತಿ ನಡೆಸುವ ನಗರದ ಖಾಸಗಿ ಶಾಲೆಯಾಗಲಿ ಆ ಪಟ್ಟಿಯಲ್ಲಿ ಕಾಣಿಸುವುದು ಅಪರೂಪ. ಇದಕ್ಕೆ ಶಾಲೆಗಳನ್ನು ದೂರುವ ಮೊದಲು ಕಾರ್ಯಕ್ರಮಗಳನ್ನು ರೂಪಿಸುವವರು ಯಾವ ಶಾಲೆಯನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ ಎಂದು ಕೇಳಬೇಕು.

2019ರ ಆಗಸ್ಟ್ 29ರಂದು, ಹಾಕಿ ಆಟಗಾರ ಧ್ಯಾನ್‌ಚಂದ್ ಅವರ ಜನ್ಮದಿನದಂದು ಆರಂಭವಾದ ಕೇಂದ್ರ ಸರ್ಕಾರದ ಫಿಟ್ ಇಂಡಿಯಾ ಆಂದೋಲನವನ್ನೇ ನೋಡಿ. ಅದರಡಿ ಶಾಲೆಗಳಿಗೆ ಧ್ವಜ, ಮೂರು ತಾರೆ, ಐದು ತಾರೆ ಎಂಬ ಶ್ರೇಣಿಗಳನ್ನು ಗೊತ್ತುಮಾಡಲಾಯಿತು. ತೀರಾ ಮೊದಲ ಹಂತವಾದ ಧ್ವಜಕ್ಕೇ ದೈಹಿಕ ಶಿಕ್ಷಣದಲ್ಲಿ ತರಬೇತಿ ಪಡೆದ ಶಿಕ್ಷಕರೊಬ್ಬರು, ಕನಿಷ್ಠ ಎರಡು ಹೊರಾಂಗಣ ಆಟಗಳನ್ನು ಆಡಬಹುದಾದ ಮೈದಾನ, ಪ್ರತಿ ವಿಭಾಗಕ್ಕೂ ದಿನಕ್ಕೊಂದು ಆಟದ ಪಿರಿಯಡ್ ಬೇಕು. ಆಶಯ ಒಳ್ಳೆಯದೇ. ಆದರೆ ಇವೆಲ್ಲ ಇರುವ ಶಾಲೆಯ ಮಕ್ಕಳು ಧ್ವಜ ಸಿಗುವ ಮೊದಲೇ ಆಡುತ್ತಿದ್ದರು. ಇಲ್ಲದ ಶಾಲೆಯ ಮುಖ್ಯ ಶಿಕ್ಷಕರು ಅರ್ಜಿಯನ್ನು ತೆರೆದು ನೋಡುವುದಕ್ಕೂ ಕಾರಣವಿಲ್ಲ.

ಕಾನೂನಿನಲ್ಲಿಯೂ ಇದೇ ಕೊರತೆ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆನ್ನುತ್ತದೆ. ಶಿಕ್ಷಕರ ವಿಷಯಕ್ಕೆ ಬಂದಾಗ ಮಾತ್ರ, ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಕೊಡಬೇಕೆಂದು ಹೇಳಿ, ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಅಂಥ ವ್ಯವಸ್ಥೆಯನ್ನೇ ಮಾಡದೆ ಸುಮ್ಮನಾಗುತ್ತದೆ. ಓಡುವುದು, ಜಿಗಿಯುವುದು, ಎಸೆದದ್ದನ್ನು ಹಿಡಿಯುವುದು ಇವೆಲ್ಲ ಮೈಗೂಡುವ ವಯಸ್ಸೇ ಅದು. ವಿಶ್ವ ಆರೋಗ್ಯ ಸಂಸ್ಥೆ ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ಚಟುವಟಿಕೆ ಬೇಕೆನ್ನುತ್ತದೆ. ಆರು ವರ್ಷದ ಮಗುವಿಗೆ ಆ ಸಮಯವನ್ನು ಶಾಲೆಯಲ್ಲಿ ಕೊಡಬೇಕಾದವರು ಯಾರೆಂದು ಆ ಅನುಸೂಚಿಯಲ್ಲಿ ಬರೆದಿಲ್ಲ.

ಪಿ.ಟಿ. ಮಾಸ್ತರರಿರುವ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿಯೂ ಎಲ್ಲ ಮಕ್ಕಳೂ ಆಡುತ್ತಾರೆ ಎಂದುಕೊಳ್ಳಬೇಡಿ. ವಲಯ ಮಟ್ಟದ ಕ್ರೀಡಾಕೂಟ ಹತ್ತಿರವಾದಂತೆ ಕಬಡ್ಡಿಗೂ ಖೋ ಖೋಗೂ ಆಯ್ಕೆಯಾದ ಮಕ್ಕಳು ಸಂಜೆಯವರೆಗೆ ಅಂಕಣದಲ್ಲಿರುತ್ತಾರೆ, ಉಳಿದವರು ಸುಣ್ಣದ ಗೆರೆಯಾಚೆ ಕುಳಿತು ಚಪ್ಪಾಳೆ ತಟ್ಟುತ್ತಾರೆ. ತೂಕ ಹೆಚ್ಚಿರುವ ಹುಡುಗ, ಲಂಗದಲ್ಲಿ ಓಡಲು ಸಂಕೋಚಪಡುವ ಏಳನೆಯ ತರಗತಿಯ ಹುಡುಗಿ, ಬೇಗ ಏದುಸಿರು ಬಿಡುವ ಮಗು, ಅಂದರೆ ಚಟುವಟಿಕೆ ಯಾರಿಗೆ ಹೆಚ್ಚು ಬೇಕೋ ಅವರೇ ಈ ಗೆರೆಯಾಚೆ ಉಳಿಯುತ್ತಾರೆ. ಕ್ರೀಡಾಕೂಟ ಮುಗಿದ ಮೇಲೆ ಗಣಿತದ ಪೋರ್ಷನ್ ಉಳಿದಿದೆಯೆಂದು ಆಟದ ಪಿರಿಯಡ್ಡನ್ನು ಕೇಳಿ ಪಡೆಯುವುದು ನಮ್ಮಲ್ಲಿ ತಪ್ಪೆಂದೇ ಯಾರಿಗೂ ಅನ್ನಿಸುವುದಿಲ್ಲ. ನನಗೆ ಬಹಳ ನೋವು ಕೊಡುವ ಸಂಗತಿ ಇದು.

ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಪಟ್ಟಣದ ಸೇಂಟ್ ನಿನಿಯನ್ಸ್ ಪ್ರಾಥಮಿಕ ಶಾಲೆಯಲ್ಲಿ ಮುಖ್ಯ ಶಿಕ್ಷಕಿ ಇಲೇನ್ ವೈಲಿ 2012ರಲ್ಲಿ ಆರಂಭಿಸಿದ ‘ಡೈಲಿ ಮೈಲ್’ ಈ ದೃಷ್ಟಿಯಿಂದ ನನಗೆ ಮುಖ್ಯವೆನಿಸುತ್ತದೆ. ತರಗತಿಯ ಶಿಕ್ಷಕರೇ ತಮಗೆ ಅನುಕೂಲವಾದ ಹೊತ್ತಿನಲ್ಲಿ ಮಕ್ಕಳನ್ನು ಹೊರಗೆ ಕರೆದೊಯ್ಯುತ್ತಾರೆ. ಮಕ್ಕಳು ಉಟ್ಟ ಬಟ್ಟೆಯಲ್ಲೇ 15 ನಿಮಿಷ ತಮ್ಮ ತಮ್ಮ ವೇಗದಲ್ಲಿ ಓಡುತ್ತಾರೆ, ದಣಿದರೆ ನಡೆಯುತ್ತಾರೆ. ಸ್ಪರ್ಧೆಯಿಲ್ಲ, ಸಲಕರಣೆಯಿಲ್ಲ, ವಿಶೇಷ ಶಿಕ್ಷಕರೂ ಬೇಕಿಲ್ಲ. ಅದು ಸಾವಿರಾರು ಶಾಲೆಗಳಿಗೆ ಹರಡಿತೆಂದರೆ ಈ ಸರಳತೆಯ ಪಾಲು ಅದರಲ್ಲಿ ದೊಡ್ಡದು.

ನಮ್ಮಲ್ಲಿ ಇದನ್ನು ಹಾಗೆಯೇ ನಕಲು ಮಾಡಬೇಕಿಲ್ಲ. ಮಲೆನಾಡಿನ ಜುಲೈ ಮಳೆಗೂ ಕಲಬುರಗಿಯ ಏಪ್ರಿಲ್ ಬಿಸಿಲಿಗೂ ಒಂದೇ ವಿಧಾನ ಒಗ್ಗುವುದಿಲ್ಲ. ಮೈದಾನವಿಲ್ಲದ ಕಡೆ ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದರೆ ಕುಂಟೆಬಿಲ್ಲೆ ಆಡಬಹುದು. ಒಂದರಿಂದ ಮೂರನೆಯ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ನಡೆಸುವ ಶಿಕ್ಷಕಿಗೆ ಹಾಡು, ಅಭಿನಯ, ಆಟಗಳೆಲ್ಲ ಹೊಸದೂ ಅಲ್ಲ. ಅವರಿಗೆ ಬೇಕಾಗಿರುವುದು ವೇಳಾಪಟ್ಟಿಯಲ್ಲಿ ಯಾರೂ ಕಿತ್ತುಕೊಳ್ಳಲಾಗದ ಕಾಲು ಗಂಟೆ, ಮತ್ತು ಅದನ್ನು ಪಾಠದ ಸಮಯವೆಂದೇ ಎಣಿಸುವ ಮೇಲಧಿಕಾರಿ. ಈಗ ಎಲ್ಲವೂ ಮುಖ್ಯ ಶಿಕ್ಷಕರ ಸ್ವಂತ ಆಸಕ್ತಿಯ ಮೇಲೆ ನಿಂತಿರುವುದರಿಂದ, ಅವರಿಗೆ ವರ್ಗಾವಣೆಯಾದರೆ ಮಕ್ಕಳ ಓಟವೂ ನಿಲ್ಲುತ್ತದೆ.

ಶಾಲೆಗಳ ಮಾಹಿತಿಯನ್ನು ಸರ್ಕಾರ ಸಂಗ್ರಹಿಸುವ ಯು-ಡೈಸ್ ನಮೂನೆಯಲ್ಲಿ ಆಟದ ಮೈದಾನ ಇದೆಯೇ ಎಂದು ಪ್ರತಿ ವರ್ಷ ಕೇಳಲಾಗುತ್ತದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋಗುವ ಪೋಷಕರು ಅದರ ಜೊತೆಗೆ ಒಂದನೆಯ ತರಗತಿಯ ಮಕ್ಕಳು ಈ ವಾರ ಎಷ್ಟು ದಿನ, ಎಷ್ಟು ಹೊತ್ತು ಆಡಿದರು ಎಂಬುದನ್ನೂ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಬೇಕೆಂದು ನಾನು ಕೋರುತ್ತೇನೆ.