ಕಾರ್ತಿಕದ ಮದುವೆಗೆ ಸೇವಂತಿಗೆ ಇರುವಾಗ ಆರ್ಕಿಡ್ ಯಾಕೆ

ನವೆಂಬರ್ ಮದುವೆ ಮಂಟಪಕ್ಕೆ ಆರ್ಕಿಡ್, ಕಾರ್ನೇಷನ್ ತರ್ಸಿ ಅಂತ ಕೆಲವರು ಸಲಹೆ ಕೊಡ್ತಾರಲ್ಲ, ಅದ್ಯಾಕೆ ಬೇಕು ಹೇಳಿ, ನಮ್ಮ ಕಡೆ ಆಗ ಸೇವಂತಿಗೆ ಸುಗ್ಗಿ, ಹಗಲು ಚಿಕ್ಕದಾಗ್ತಿದ್ದಂಗೆ ತಾನಾಗೇ ಮೊಗ್ಗು ಬಿಡೋ ಗಿಡ ಅದು. ತುಳಸಿ ಹಬ್ಬ ಆದ್ಮೇಲೆ ನನ್ನ ತಂಗಿ ಮದುವೆ ಇತ್ತು, ಹಿಂದಿನ ದಿನ ಬೆಳಗಿನ ಜಾವ 4 ಗಂಟೆಗೆ ಬೆಂಗಳೂರು ಕೆ.ಆರ್. ಮಾರ್ಕೆಟ್‌ಗೆ ಹೋಗಿ ಹಳದಿ, ಬಿಳಿ ಸೇವಂತಿಗೆ, ಚೆಂಡು ಹೂವು ಎಲ್ಲಾ ಮೂಟೆ ಲೆಕ್ಕದಲ್ಲೇ ತಂದ್ವಿ.

ಒಂದು ಮಾತು, ಆ ತಿಂಗಳಲ್ಲಿ ಒಮ್ಮೊಮ್ಮೆ ಜಡಿಮಳೆ ಹಿಡಿದಿರುತ್ತೆ, ಮೂಟೆ ಒಳಗೆ ಮೊಣಕೈವರೆಗೂ ಕೈ ಹಾಕಿ ನೋಡಿ, ಒದ್ದೆಯಾಗಿ ಬೆಚ್ಚಗೆ ಅನ್ನಿಸಿದ್ರೆ ತಗೋಬೇಡಿ, ಒಳಗಿಂದ ಕೊಳೆಯೋಕೆ ಶುರುವಾಗಿರುತ್ತೆ. ನಮಗೆ ಚೆಂಡು ಹೂವಿನ ಒಂದು ಮೂಟೆ ಹಂಗೇ ಬಂತು, ಮನೇಲಿ ಬಿಚ್ಚಿದ್ರೆ ತಳದ ಹೂವೆಲ್ಲ ಕಂದಿ ಅಂಟಂಟಾಗಿತ್ತು, ಅಮ್ಮ ನೋಡಿ ಅತ್ತೇ ಬಿಟ್ರು ಪಾಪ.

ಮಲ್ಲಿಗೆ ವಿಷಯ ಮಾತ್ರ ಮೊದ್ಲೇ ಯೋಚ್ನೆ ಮಾಡಿ. ಚಳಿ ಬಿದ್ರೆ ಮೊಗ್ಗು ಕಡ್ಮೆ, ರೇಟು ಸಿಕ್ಕಾಪಟ್ಟೆ ಏರುತ್ತೆ, ಅದ್ಕೆ ಮೈಸೂರು ಮಲ್ಲಿಗೆ ಮದುಮಗಳ ಜಡೆಗೆ ಅಷ್ಟೇ ಇಟ್ಕೊಂಡು, ಬಂದ ಹೆಂಗಸರಿಗೆಲ್ಲ ಮಲ್ಲಿಗೆ ಥರದ ಕಾಕಡ ಹೂವು, ಕನಕಾಂಬರ ಸೇರಿಸಿ ಕಟ್ಟಿ ಒಂದೊಂದು ಮೊಳ ಕೊಡಿ, ಯಾರೂ ಬೇಜಾರು ಮಾಡ್ಕೊಳಲ್ಲ. ಹಾರಕ್ಕೆ ಸುಗಂಧರಾಜದ ಮಧ್ಯೆ ಮಧ್ಯೆ ಮರುಗ ಇಡ್ಸಿ, ಹೋಮದ ಬಿಸಿಗೆ ಆ ಮರುಗ ಸ್ವಲ್ಪ ಬಾಡುತ್ತಲ್ಲ, ಆಗ ಬರೋ ಘಮ ಇನ್ನೂ ನನ್ನ ಮೂಗಲ್ಲೇ ಇದೆ.