ಮಂಡಿನೋವಿಗೆ ಬಹುಮತದ ಒಪ್ಪಿಗೆ

ಕೀಲುನೋವಿಗೆ ಹೊಸ ಮಾತ್ರೆ ಬರುತ್ತಿದೆಯಂತೆ, ಒಪ್ಪಿಗೆ ಒಂದೇ ಬಾಕಿಯಂತೆ. ಬಾಗೇಪಲ್ಲಿ ಬಸ್ ಸ್ಟ್ಯಾಂಡಿಗೆ ಈ ಸುದ್ದಿ ಆಗಾಗ ಬಂದು ಹೋಗುತ್ತದೆ. ಮಾತ್ರೆ ಬರುವುದಿಲ್ಲ. ಯಾಕೆಂದರೆ ಅಮೆರಿಕದಲ್ಲಿ ಅದಕ್ಕೊಂದು ತಜ್ಞರ ಕಮಿಟಿ ಕೂತಿರುತ್ತದೆ.

ಆ ಕಮಿಟಿಯ ಕತೆ ಕೇಳಿದರೆ ನಮ್ಮ ಪಂಚಾಯಿತಿ ಸದಸ್ಯರಿಗೆ ತಮ್ಮ ಮೇಲೆ ಗೌರವ ಹೆಚ್ಚುತ್ತದೆ. ವಯಾಕ್ಸ್ ಅನ್ನುವ ಮಾತ್ರೆಗೆ ಅಲ್ಲಿ 1999ರಲ್ಲಿ ಒಪ್ಪಿಗೆ ಸಿಕ್ಕಿತು. ಊತ ಇಳಿಸುತ್ತದೆ, ಹೊಟ್ಟೆಗೂ ಅಷ್ಟು ತೊಂದರೆ ಇಲ್ಲ ಅಂತ ಜೋರಾಗಿ ಮಾರಿದರು. ಆಮೇಲೆ ನೋಡಿದರೆ, ಹದಿನೆಂಟು ತಿಂಗಳು ದಾಟಿ ನುಂಗಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಜಾಸ್ತಿ. 2004ರ ಸೆಪ್ಟೆಂಬರಿನಲ್ಲಿ ಕಂಪನಿಯೇ ಅದನ್ನು ವಾಪಸ್ ತೆಗೆದುಕೊಂಡಿತು. ಇಷ್ಟಾದ ಮೇಲೂ 2005ರ ಫೆಬ್ರವರಿಯಲ್ಲಿ ತಜ್ಞರು ಕೂತು, ಇದನ್ನು ಮತ್ತೆ ಮಾರಬಹುದಾ ಅಂತ ಮತಕ್ಕೆ ಹಾಕಿದರು. ಹೂಂ ಅಂದವರು 17, ಊಹೂಂ ಅಂದವರು 15. ಪತ್ರಿಕೆಯವರು ಕೆದಕಿದಾಗ, ಆ 32 ಜನರಲ್ಲಿ 10 ಜನ ಇಂಥ ಮಾತ್ರೆ ಮಾಡುವ ಕಂಪನಿಗಳಿಗೇ ಸಲಹೆಗಾರರಾಗಿದ್ದವರು ಅಂತ ಗೊತ್ತಾಯಿತು. ಅವರ ಮತ ಕಳೆದರೆ ಫಲಿತಾಂಶ ಉಲ್ಟಾ! ನಮ್ಮಲ್ಲಿ ಅಧ್ಯಕ್ಷರ ಚುನಾವಣೆಗೆ ಮುಂಚೆ ಸದಸ್ಯರನ್ನು ನಂದಿ ಬೆಟ್ಟದ ಕಡೆಯ ರೆಸಾರ್ಟಿಗೆ ಕರೆದುಕೊಂಡು ಹೋಗುವುದು ಇದಕ್ಕಿಂತ ಮರ್ಯಾದೆಯ ಏರ್ಪಾಡು. ಯಾರು ಯಾರ ಕಡೆ ಅಂತ ಊಟಕ್ಕೆ ಕೂತಾಗಲೇ ತಿಳಿಯುತ್ತದೆ. (ವಯಾಕ್ಸ್ ಮತ್ತೆ ಅಂಗಡಿಗೆ ಬರಲಿಲ್ಲ, ಅದು ಬೇರೆ ಮಾತು.)

2007ರಲ್ಲಿ ಅದೇ ಕಂಪನಿಯ ಎಟೊರಿಕಾಕ್ಸಿಬ್ ಅನ್ನುವ ಇನ್ನೊಂದು ನೋವಿನ ಮಾತ್ರೆ ಕಮಿಟಿ ಮುಂದೆ ಬಂತು. ಈ ಸಲ ಬೇಡ ಅಂದವರು 20, ಹೂಂ ಅಂದವರು ಒಬ್ಬರೇ. ಯುರೋಪಿನವರು ಒಪ್ಪಿದ್ದಾರೆ, ನಮ್ಮವರೂ ಒಪ್ಪಿದ್ದಾರೆ. ಡಾಕ್ಟರು ನೋಡಿ ಬರೆದುಕೊಟ್ಟರೆ ನನ್ನ ತಕರಾರೇನೂ ಇಲ್ಲ. ಆದರೆ ಹೃದಯದ ಕಾಯಿಲೆ ಇದ್ದವರಿಗೆ, ಬಿಪಿ ಹತೋಟಿಗೆ ಬಾರದವರಿಗೆ ಇದು ಕೂಡದು. ಇದನ್ನೆಲ್ಲ ನಮ್ಮಲ್ಲಿ ಪರೀಕ್ಷೆ ಮಾಡುವವನು ಮೆಡಿಕಲ್ ಶಾಪಿನ ಹುಡುಗ. ಅವನದು ಒಂದೇ ಪ್ರಶ್ನೆ: "ಒಂದ್ ದಿನಕ್ಕಾ, ಎರಡ್ ದಿನಕ್ಕಾ ಅಜ್ಜಿ?" ಕತ್ತರಿಯಲ್ಲಿ ಚಕಚಕ ಕತ್ತರಿಸಿ ಎರಡು ಮಾತ್ರೆ ಕೊಡುತ್ತಾನೆ. ಎಚ್ಚರಿಕೆ ಅಚ್ಚಾದ ತುಂಡು ಅಂಗಡಿಯಲ್ಲೇ ಉಳಿಯುತ್ತದೆ.

ಅದೂ ಬೇಡ ಅಂದರೆ ಸಂತೆಯ ಪುಡಿ ಇದೆ. ಇಂತಿಂಥ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡಬಾರದು ಎಂದು 1954ರಲ್ಲೇ ಕಾನೂನು ಬಂದಿದೆ. ಅದರ ಪಟ್ಟಿಯಲ್ಲಿ ಸಂಧಿವಾತವೂ ಇದೆ. ಆ ಪಟ್ಟಿಯನ್ನು ಯಾರೋ ಪುಡಿ ಮಾರುವವನ ಕೈಗೇ ಕೊಟ್ಟಿರಬೇಕು. ಅವನ ಮೈಕಿನಲ್ಲಿ ಒಂದು ಕಾಯಿಲೆಯೂ ತಪ್ಪುವುದಿಲ್ಲ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಅಜ್ಜಿ ಮೂರನೇ ದಿನ ಮೆಟ್ಟಿಲು ಹತ್ತುತ್ತಾರೆ. ಬೀದಿಯವರೆಲ್ಲ ಅಲ್ಲೇ ಒಪ್ಪಿಗೆ ಕೊಡುತ್ತಾರೆ. ಮುಂದೆ ಮುಖ ಊದಿಕೊಂಡಾಗ, "ಮೈ ತುಂಬ್ಕೊಂಡಿದೀರ, ಚೆನ್ನಾಗಿದೀರ" ಅನ್ನುತ್ತಾರೆ.

ಇಷ್ಟಕ್ಕೂ ನೋವು ಎಲ್ಲಿಂದ ಬಂತು? ಕೆಲವರಿಗೆ ವಯಸ್ಸು, ಕೆಲವರಿಗೆ ನಿಜವಾದ ಸಂಧಿವಾತ. ಬಾಗೇಪಲ್ಲಿ, ಗುಡಿಬಂಡೆ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್ ಪಾಲೂ ಇದೆ. ಲೀಟರಿಗೆ 1 ಮಿಲಿಗ್ರಾಂ ಸಾಕು, ಬೇರೆ ಗತಿ ಇಲ್ಲದಿದ್ದರೆ 1.5ರವರೆಗೆ ಅಂತ ನಿಯಮ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದಾಗುತ್ತದೆ, ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ನೋಡುವವರಿಗೆ ಸಂಧಿವಾತದ ಹಾಗೇ ಕಾಣುತ್ತದೆ. ಊತದ ಮಾತ್ರೆ ನುಂಗಿದರೆ ಮೂಳೆಗಿಳಿದ ಫ್ಲೋರೈಡ್ ಹೊರಗೆ ಬರುವುದಿಲ್ಲ.

ಈ ನೀರಿನ ಪ್ರಯೋಗಕ್ಕೆ ಮಾತ್ರ ಇಲಿ ಬೇಕಾಗಲಿಲ್ಲ, ಯಾರ ಸಹಿಯೂ ಬೇಕಾಗಲಿಲ್ಲ. ನೇರವಾಗಿ ಮನುಷ್ಯರ ಮೇಲೇ ಶುರು. ಬದಲಿ ನೀರಿಗೆ ಹಂತಗಳಿವೆ. ಎತ್ತಿನಹೊಳೆ ನೀರಿನ ಯೋಜನೆಗೆ ಚಿಕ್ಕಬಳ್ಳಾಪುರದಲ್ಲಿ ಕಲ್ಲು ಹಾಕಿದ್ದು 2014ರಲ್ಲಿ, ಸಕಲೇಶಪುರದ ಹತ್ತಿರ ಮೊದಲ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರಲ್ಲಿ. ಹತ್ತು ವರ್ಷದಲ್ಲಿ ಎಷ್ಟೋ ಮಾತ್ರೆಗಳು ಬಂದು, ಮಾರಾಟವಾಗಿ, ನಿಷೇಧವೂ ಆಗಿಬಿಡುತ್ತವೆ.

ನಮ್ಮಲ್ಲೂ ಒಂದು ಮತ ಆಗಿಬಿಡಲಿ ಅಂತ ಪರಿಚಯದ ಪಂಚಾಯಿತಿ ಸದಸ್ಯರೊಬ್ಬರಿಗೆ ಹೇಳಿದೆ. ಸಭೆಯಲ್ಲಿ ನೀರಿನ ಲೋಟ ಮುಂದಿಟ್ಟು, ಬೇಡ ಅನ್ನುವವರೆಲ್ಲ ಕೈ ಎತ್ತಲಿ ಅಂದೆ.

"ಎತ್ತೋಕೆ ಎಲ್ಲಾಗುತ್ತೆ ಸಾರ್," ಅಂದರು. "ಭುಜ ಹಿಡ್ಕೊಂಡು ಆರು ತಿಂಗಳಾಯ್ತು."