ಆ ಮುಚ್ಚಳ ನಾನು ಮನೆಯಿಂದ ತಂದದ್ದಲ್ಲ

ಮಗಳಿಗೆ ಹದಿನಾಲ್ಕು ತಿಂಗಳು. ಜ್ವರ ಇಳಿಯದೆ ಆಸ್ಪತ್ರೆಗೆ ಸೇರಿಸಿದ್ದೆವು. ಎರಡನೇ ದಿನ ನೋಡ್ತೀನಿ, ಏನನ್ನೋ ಚೀಪುತ್ತಾ ಕೂತಿದ್ದಾಳೆ. ಬಾಯಿ ತೆರೆಸಿದರೆ ಸಿರಿಂಜ್ ಸೂಜಿಯ ಪುಟ್ಟ ಮುಚ್ಚಳ! ತೆಗೆದೆ, ಸರಿ. ಆಮೇಲೆ ಸ್ವಲ್ಪ ಹೊತ್ತು ನನಗೆ ಕೈಕಾಲೇ ಆಡಲಿಲ್ಲ.

ಸಿಸ್ಟರ್‌ಗೆ ತೋರಿಸಿದೆ. "ಮಗು ಮೇಲೆ ಒಂದು ಕಣ್ಣಿಡಿ ಅಮ್ಮಾ" ಅಂದರು. ಇಡಬೇಕು, ಒಪ್ಪಿದೆ. ಆದರೆ ಹಾಸಿಗೆ ಮೇಲೆ ಮುಚ್ಚಳ ಬಿಟ್ಟು ಹೋದದ್ದು ನಾನಲ್ಲವಲ್ಲ.

ಸೂಜಿಗಾದರೆ ಬೇರೆ ಡಬ್ಬಿ ಇದೆ, ನಿಯಮ ಇದೆ. ಮುಚ್ಚಳವನ್ನು ಕೇಳುವವರೇ ಇಲ್ಲ. ಅವಸರದಲ್ಲಿ ತೆಗೆದು ಪಕ್ಕಕ್ಕಿಡುತ್ತಾರೆ, ಅದು ಹೊದಿಕೆಯ ಮಡಿಕೆಗೆ ಸೇರುತ್ತದೆ. ಔಷಧಿ, ಡ್ರಿಪ್ ಕೊಡಲು ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ, ಕ್ಯಾನುಲಾ ಅಂತೂ ಮಗುವಿನ ಕೈಯಲ್ಲೇ ಇರುತ್ತದೆ. ಪುಟ್ಟ ಮಕ್ಕಳಿಗೆ ಹೆಚ್ಚಾಗಿ ಹಾಕುವುದು 24 ಗೇಜ್ ಅಳತೆಯ ಹಳದಿಯದು. ಮಗುವಿನ ಕಣ್ಣಿಗೆ ಅದು ಆಟದ ಸಾಮಾನು ಅಲ್ವಾ? ಆಟದ ಸಾಮಾನಿಗೆ ಎಷ್ಟೋ ದೇಶಗಳಲ್ಲಿ ಒಂದು ಪರೀಕ್ಷೆ ಇದೆ. ಸುಮಾರು 32 ಮಿಲಿಮೀಟರ್ ಅಗಲದ ಗಿಡ್ಡ ಕೊಳವೆಯೊಳಗೆ ಪೂರ್ತಿ ಹಿಡಿಸುವ ತುಂಡು ಇದ್ದರೆ ಅದನ್ನು ಮೂರು ವರ್ಷದೊಳಗಿನವರಿಗೆ ಮಾರುವಂತಿಲ್ಲ. ಈ ಮುಚ್ಚಳಗಳು ಅದರಲ್ಲಿ ಒಂದು ಹಿಡಿ ಹಿಡಿಸುತ್ತವೆ.

ಹೊಟ್ಟೆಗೆ ಹೋದರೆ ಸಾಮಾನ್ಯವಾಗಿ ತಾನಾಗಿ ಹೊರಗೆ ಬರುತ್ತದೆ. ಭಯ ಇರುವುದು ಶ್ವಾಸನಾಳದ್ದು. ಮಗು ಒಮ್ಮೆಲೇ ಜೋರಾಗಿ ಕೆಮ್ಮಿ ಆಮೇಲೆ ಸುಮ್ಮನಾಗಬಹುದು. ನಾವು 'ಸದ್ಯ, ಸರಿಹೋಯ್ತು' ಅಂದುಕೊಳ್ಳುತ್ತೇವೆ. ಪ್ಲಾಸ್ಟಿಕ್ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ದಿನಗಳಾದ ಮೇಲೆ ಒಂದೇ ಕಡೆ ಉಬ್ಬಸ, ಇಲ್ಲವೇ ನ್ಯುಮೋನಿಯಾ. ಹಾಗಾಗಿ ಅನುಮಾನ ಬಂದರೆ ಎಕ್ಸ್‌ರೇ ಚೆನ್ನಾಗಿದೆ ಅಂದ ಮಾತ್ರಕ್ಕೆ ಬಿಡಬೇಡಿ. ಅದೇ ಥರದ ಇನ್ನೊಂದು ಮುಚ್ಚಳ ತೋರಿಸಿ, "ಇಂಥದ್ದು ಕಾಣೆಯಾಗಿದೆ, ಆಗ ಮಗು ಕೆಮ್ಮಿತು" ಅಂತ ಹೇಳಿ. ಬ್ರಾಂಕೋಸ್ಕೋಪಿ, ಅಂದರೆ ಶ್ವಾಸನಾಳದೊಳಗೆ ಕ್ಯಾಮೆರಾ ಕೊಳವೆ ಹಾಕಿ ನೋಡುವುದು, ಬೇಕಾ ಅಂತ ಡಾಕ್ಟರ್ ನಿರ್ಧರಿಸಲು ಆ ಒಂದು ಮಾತು ಬೇಕು. ಕಾಣದ್ದನ್ನು ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತದೆ.

ಥರ್ಮಾಮೀಟರಿನೊಳಗಿನ ಗುಂಡಿಯಂಥ ಪುಟ್ಟ ಬ್ಯಾಟರಿ, ಬಟನ್ ಸೆಲ್ ಕತೆಯೇ ಬೇರೆ. ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟ ಗಾಯ ಆಗಬಹುದು. ಅಲ್ಲಿ ಕಾದು ನೋಡುವ ಮಾತೇ ಇಲ್ಲ.

ಸಿಸ್ಟರ್‌ಗಳನ್ನೇ ಬೈದು ಪ್ರಯೋಜನ ಇಲ್ಲ ಬಿಡಿ. ಒಬ್ಬರೇ ಇಡೀ ವಾರ್ಡ್ ಓಡಾಡುತ್ತಿರುತ್ತಾರೆ. ಆದರೆ ತೆರೆದ ಮುಚ್ಚಳ ಟ್ರೇಗೇ ಹೋಗಬೇಕು, ಟ್ರೇ ವಾಪಸ್ ಹೋಗುವಾಗ ಎಣಿಸಬೇಕು ಅಂತ ಆಸ್ಪತ್ರೆಯೇ ನಿಯಮ ಮಾಡಬಹುದು. ಇದಕ್ಕೇನು ಖರ್ಚಿದೆ?

ಅವತ್ತಿನಿಂದ ಇಂಜೆಕ್ಷನ್ ಹೊತ್ತಿಗೆ ನಾನೇ ಒಂದು ಬಟ್ಟಲು ಹಿಡಿದು ನಿಲ್ಲುತ್ತಿದ್ದೆ. ಮೊದಲ ಸಲ ಸಿಸ್ಟರ್ ನಕ್ಕರು. ಡಿಸ್ಚಾರ್ಜ್ ಹಿಂದಿನ ದಿನ ಅವರೇ ಕೇಳಿದರು, "ಎಲ್ಲಿ ನಿಮ್ಮ ಬಟ್ಟಲು?"